ದೋಣಿ ಗಟ್ಟಿ ಇದ್ದರೆ ಸಾಕಾ?

ನ್ಯೂಜಿಲೆಂಡ್‌ನಲ್ಲಿ ದುಡ್ಡು ತಗೊಂಡು ಜನರನ್ನು ದೋಣಿಯಲ್ಲಿ ಕೂರಿಸಬೇಕೆಂದರೆ ದೋಣಿ ಗಟ್ಟಿ ಇದ್ದರೆ ಸಾಲದು. ಅದನ್ನು ನಡೆಸುವ ಧಣಿಗೂ ಒಂದು ಸರ್ಟಿಫಿಕೇಟ್ ಬೇಕು. ಪಿಕ್ಟನ್ ಎಂಬ ಸಣ್ಣ ಬಂದರಿನಲ್ಲಿ ಒಂದು ವಾಟರ್ ಟ್ಯಾಕ್ಸಿ ಕಂಪನಿಯ ಆಫೀಸಿನಲ್ಲಿ ನನ್ನ ಕೆಲಸ. ರಸ್ತೆಯೇ ಇಲ್ಲದ ಕೊಲ್ಲಿಗಳಿಗೆ ಮನೆಯವರನ್ನು, ದಿನಸಿಯನ್ನು, ಬೆನ್ನಿಗೆ ಚೀಲ ಹಾಕಿಕೊಂಡ ಪ್ರವಾಸಿಗರನ್ನು ಮುಟ್ಟಿಸುವ ದೋಣಿಗಳು ಇವು. ನಾನು ದೋಣಿ ಓಡಿಸುವುದಿಲ್ಲ, ಕಾಗದಪತ್ರ ನೋಡಿಕೊಳ್ಳುತ್ತೇನೆ. ಹಾವೇರಿ ಕಡೆಯವನು, ಈಜು ಕಲಿತದ್ದು ಬಾವಿಯಲ್ಲಿ. ಸಮುದ್ರದ ವಿಷಯದಲ್ಲಿ ನನ್ನ ಮಾತಿಗೆ ಅಷ್ಟೇ ತೂಕ ಕೊಡಿ.

ಇಲ್ಲಿ 2014ರ ಜುಲೈ 1ರಿಂದ 'ಮಾಸ್' ಎಂಬ ಪದ್ಧತಿ ಇದೆ. ಮ್ಯಾರಿಟೈಮ್ ಆಪರೇಟರ್ ಸೇಫ್ಟಿ ಸಿಸ್ಟಮ್ ಅಂತ ಪೂರ್ತಿ ಹೆಸರು. ದೋಣಿಯನ್ನು ಸರ್ವೇಯರ್ ಬೇರೆ ನೋಡುತ್ತಾನೆ, ದೋಣಿ ಓಡಿಸುವ ಸ್ಕಿಪ್ಪರ್‌ಗೆ ಲೈಸೆನ್ಸ್ ಬೇರೆ. ಇವೆರಡರ ಜೊತೆಗೆ ಧಣಿ ತನ್ನ ವ್ಯವಹಾರ ಹೇಗೆ ನಡೆಸುತ್ತೇನೆ ಅಂತ ತಾನೇ ಒಂದು ಪ್ಲಾನ್ ಬರೆದು ಕೊಡಬೇಕು. ಯಾವ ನೀರಿನಲ್ಲಿ ಓಡಿಸುತ್ತೀರಿ, ಎಷ್ಟು ಜನ, ಗಾಳಿ ಎಷ್ಟಾದರೆ ಹೊರಡುವುದಿಲ್ಲ, ಹೊಸ ಹುಡುಗನಿಗೆ ಯಾರು ಕಲಿಸುತ್ತಾರೆ, ಬೆಂಕಿ ಬಿದ್ದರೆ ಏನು. ಧಣಿ ಈ ಕೆಲಸಕ್ಕೆ ಲಾಯಕ್ಕಾದ ಮನುಷ್ಯನೇ ಅಂತಲೂ ವಿಚಾರಿಸುತ್ತಾರೆ. ಹಳೆಯ ಶಿಕ್ಷೆ, ಕೇಸು ಎಲ್ಲ ಹೇಳಬೇಕು. ಕೊನೆಗೆ ಸಿಗುವ ಸರ್ಟಿಫಿಕೇಟ್ 10 ವರ್ಷದವರೆಗೆ ನಡೆಯುತ್ತದೆ, ಆದರೆ ನಡುನಡುವೆ ಬಂದು ತಪಾಸಣೆ ಮಾಡುತ್ತಾರೆ.

ಆ ತಪಾಸಣೆಯೇ ನನಗೆ ಹಿಡಿಸಿದ್ದು. ನಮ್ಮಲ್ಲಿಗೆ ಬಂದ ಅಧಿಕಾರಿ ಧಣಿಯನ್ನು ಬಿಟ್ಟು, ಹಗ್ಗ ಸುತ್ತುತ್ತಿದ್ದ ಡೆಕ್‌ಹ್ಯಾಂಡ್ ಹುಡುಗಿಯ ಹತ್ತಿರ ಹೋದರು. 'ಹಿಂದಿನ ಸೀಟಿನಲ್ಲಿದ್ದ ಹುಡುಗ ಈಗ ನೀರಿಗೆ ಬಿದ್ದ. ಏನು ಮಾಡ್ತೀಯಾ?' ಆಕೆ ಬಾಯಿಂದ ಉತ್ತರ ಹೇಳಲಿಲ್ಲ. ಜೋರಾಗಿ ಕೂಗಿದಳು, ಲೈಫ್ ರಿಂಗ್ ತೆಗೆದು ಎಸೆದಂತೆ ತೋರಿಸಿದಳು, ಆಮೇಲೆ ತೋಳು ನೀಟಾಗಿ ಚಾಚಿ ನೀರಿನ ಒಂದೇ ಜಾಗಕ್ಕೆ ಬೆರಳು ತೋರಿಸುತ್ತಾ ನಿಂತುಬಿಟ್ಟಳು. ಕಣ್ಣು ಅಲ್ಲಿಂದ ಕೀಳಲಿಲ್ಲ. ಯಾಕೆಂದರೆ ಅಲೆಯ ನಡುವೆ ಮನುಷ್ಯನ ತಲೆ ತೇಲುವ ತೆಂಗಿನಕಾಯಿಯಷ್ಟೇ ಕಾಣುತ್ತದೆ. ಒಮ್ಮೆ ಕಣ್ಣು ತಪ್ಪಿತೆಂದರೆ ಮತ್ತೆ ಸಿಗುವುದಿಲ್ಲ. ಅಧಿಕಾರಿ ನಮ್ಮ ಪ್ಲಾನ್‌ನ ಹಾಳೆ ತಿರುವಿ, ಅದರಲ್ಲೂ ಹೀಗೇ ಬರೆದಿದೆಯಾ ಅಂತ ನೋಡಿದರು. ಬರೆದದ್ದು ಮತ್ತು ಮಾಡುವುದು ಒಂದೇ ಇರಬೇಕು, ಅಷ್ಟೇ ಅವರ ಲೆಕ್ಕ.

ಇದನ್ನೆಲ್ಲ ಹುಬ್ಬಳ್ಳಿಯಲ್ಲಿರುವ ನನ್ನ ಸೋದರಮಾವನ ಮಗನಿಗೆ ಫೋನಿನಲ್ಲಿ ಹೇಳಿದೆ. ಗೆಳೆಯರ ಜೊತೆ ಸೇರಿ ಒಂದು ಕೆರೆಯ ಬೋಟಿಂಗ್ ಟೆಂಡರ್ ಹಿಡಿಯಬೇಕೆಂದು ಅವನಿಗೆ ಆಸೆ. ಪೂರ್ತಿ ಕೇಳಿ ನಕ್ಕ. 'ಅಣ್ಣಾ, ಇಷ್ಟ ಕಾಗದಾ ಹೇರಿದ್ರ ದೋಣಿ ನಿಂತಲ್ಲೇ ಮುಳಗತೈತಿ ನೋಡು!'

ಮಾತು ಸುಳ್ಳಲ್ಲ. ಇಲ್ಲೂ ಸಣ್ಣ ದೋಣಿಯವರು ಗೊಣಗುತ್ತಾರೆ. ಅರ್ಜಿ ನೋಡುವುದಕ್ಕೆ ಗಂಟೆ ಲೆಕ್ಕದಲ್ಲಿ ಫೀಸು. ಬೇರೆಯವರ ಪ್ಲಾನ್ ನಕಲು ಹೊಡೆದು ಹೆಸರು ಮಾತ್ರ ಬದಲಿಸುವವರು ಇಲ್ಲೂ ಇದ್ದಾರೆ.

ಹಾಗಂತ ನಮ್ಮ ದೇಶದಲ್ಲಿ ಕಾಗದ ಕಡಿಮೆಯಾ? 1917ರ ಒಳನಾಡು ಹಡಗು ಕಾಯ್ದೆ ಹೋಗಿ 2021ರಲ್ಲಿ ಹೊಸದು ಬಂತು. ಎಂಜಿನ್ ದೋಣಿಗೆ ನೋಂದಣಿ, ಸರ್ವೇ, ವಿಮೆ, ಓಡಿಸುವವರಿಗೆ ಸರ್ಟಿಫಿಕೇಟ್, ಎಲ್ಲ ಅದರಲ್ಲಿದೆ. ಎಂಜಿನ್ ಇಲ್ಲದ ದೋಣಿಗೂ ಬೇರೆ ಅಧ್ಯಾಯವಿದೆ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2017ರಲ್ಲೇ ದೋಣಿ ಸುರಕ್ಷತೆಯ ಮಾರ್ಗಸೂಚಿ ಕೊಟ್ಟಿದೆ. ಆದರೂ 2024ರ ಜನವರಿ 18ರಂದು ವಡೋದರಾದ ಹರಣಿ ಕೆರೆಯಲ್ಲಿ ಶಾಲೆ ಮಕ್ಕಳ ದೋಣಿ ಮಗುಚಿತು. 12 ಮಕ್ಕಳು, ಇಬ್ಬರು ಶಿಕ್ಷಕಿಯರು ಹೋದರು. ಅದು ಊರೊಳಗಿನ ಕೆರೆ, ನಮ್ಮ ಉಣಕಲ್ ಕೆರೆ, ಗದಗಿನ ಭೀಷ್ಮ ಕೆರೆ ಇದ್ದ ಹಾಗೆ. ಗುತ್ತಿಗೆದಾರರು ನಡೆಸುತ್ತಿದ್ದ ಬೋಟಿಂಗ್. ಜನ ಜಾಸ್ತಿ, ಲೈಫ್ ಜಾಕೆಟ್ ಎಲ್ಲರಿಗೂ ಇರಲಿಲ್ಲ.

'ನಮ್ಮ ಬಯಲುಸೀಮೆಗೂ ದೋಣಿಗೂ ಏನು ಸಂಬಂಧ' ಅನ್ನುವವರು 2019ರ ಜನವರಿ 21 ನೆನಪಿಸಿಕೊಳ್ಳಬೇಕು. ಕಾರವಾರದ ಕೂರ್ಮಗಡ ದ್ವೀಪದ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಜನ ತೀರಿಕೊಂಡರು. ಅವರಲ್ಲಿ ಹಾವೇರಿ ಜಿಲ್ಲೆಯವರೂ ಇದ್ದರು. ಕರಾವಳಿಯವರು ಅಲೆ ನೋಡಿ ಹೆಜ್ಜೆ ಹಿಂದಿಡುತ್ತಾರೆ. ನಮ್ಮವರಿಗೆ ಏನನ್ನು ನೋಡಬೇಕು ಅಂತಲೇ ಗೊತ್ತಿರುವುದಿಲ್ಲ. ಟಿಕೆಟ್ ಕೊಟ್ಟರು ಅಂದಮೇಲೆ ಸುರಕ್ಷಿತ ಅಂತ ಸುಮ್ನೆ ಹತ್ತುತ್ತಾರೆ. ಅಂಥ ಕಡೆ ನಡೆಸುವವನ ಮೇಲೆ ಭಾರ ಜಾಸ್ತಿ ಅಲ್ವಾ?

ಹಿಂದೆ ಹೀಗಿರಲಿಲ್ಲ. ಅಂಬಿಗರ ಚೌಡಯ್ಯನ ಚೌಡದಾನಪುರ ಇರುವುದು ನಮ್ಮ ಜಿಲ್ಲೆಯಲ್ಲೇ, ತುಂಗಭದ್ರೆಯ ದಂಡೆಯಲ್ಲಿ. ಆ ದಂಡೆಯ ಊರುಗಳಲ್ಲಿ ಅಂಬಿಗ 'ಇವತ್ತ ಹೊಳಿ ಸರಿ ಇಲ್ಲ' ಅಂದರೆ ಗೌಡರೂ ಮಾತಾಡದೆ ತಿರುಗಿ ಹೋಗುತ್ತಿದ್ದರು ಅಂತ ನಮ್ಮಜ್ಜ ಹೇಳುತ್ತಿದ್ದ. ಈಗ ಕೆರೆಯಲ್ಲಿ ದಿನಗೂಲಿಗೆ ದೋಣಿ ನಡೆಸುವ ಹುಡುಗನಿಗೆ ಆ ಮಾತು ಆಡುವ ತಾಕತ್ತಿದೆಯಾ? ಮದುವೆಗೆ ಬಂದವರು ಹದಿನೈದು ಜನ ಒಟ್ಟಿಗೆ ಹತ್ತುತ್ತೇವೆ ಅಂತ ಹಟ ಹಿಡಿದರೆ, ಮೇಲೆ ಗುತ್ತಿಗೆದಾರ ಕಣ್ಣು ಬಿಟ್ಟರೆ? ನಮ್ಮ ಕಂಪನಿಯ ಪ್ಲಾನ್‌ನಲ್ಲಿ ಸ್ಕಿಪ್ಪರ್ ಬೇಡ ಅಂದರೆ ಬೇಡ, ಆಫೀಸಿನವರು ಒತ್ತಾಯ ಮಾಡುವ ಹಾಗಿಲ್ಲ ಅಂತ ಬರೆದಿದೆ. ಇಡೀ ದಪ್ಪ ಫೈಲಿನಲ್ಲಿ ಹುಬ್ಬಳ್ಳಿಗೆ ಒಯ್ಯಬೇಕಾದ ಸಾಲು ಇದೊಂದೇ ಅಂತ ನನ್ನ ಅನಿಸಿಕೆ.

ತಮ್ಮನಿಗೆ ಹೇಳಿದೆ: ದೋಣಿ ಕೊಳ್ಳುವ ಮೊದಲು ಒಂದೇ ಹಾಳೆ ಬರಿ, ಕನ್ನಡದಲ್ಲೇ. ಒಂದು ದೋಣಿಗೆ ಎಷ್ಟು ಜನ, ಮಕ್ಕಳ ಅಳತೆಯ ಜಾಕೆಟ್ ಎಷ್ಟು, ಬಕಲ್ ಮುರಿದದ್ದನ್ನು ಯಾರು ತೆಗೆದಿಡುತ್ತಾರೆ, ಯಾರಾದರೂ ಬಿದ್ದರೆ ಎತ್ತಲು ಹೋಗುವ ದೋಣಿ ಯಾವುದು, ಏಪ್ರಿಲ್-ಮೇ ಸಂಜೆ ಗಾಳಿ ಎದ್ದರೆ ನಿಲ್ಲಿಸುವವರು ಯಾರು. ಟಿಕೆಟ್ ಕಿಟಕಿಯ ಪಕ್ಕ ಅಂಟಿಸು.

'ಅದೆಲ್ಲಾ ಖರೇ ಅಣ್ಣಾ, ಆದ್ರ ಐತವಾರದ ಕಲೆಕ್ಷನ್ ಹೋದ್ರ ಟೆಂಡರ್ ರೊಕ್ಕಾ ಯಾರ ಕೊಡ್ತಾರ?'

ಪ್ರಶ್ನೆ ಸರಿಯಾಗಿದೆ. ಟೆಂಡರ್‌ನಲ್ಲಿ ಯಾರು ಜಾಸ್ತಿ ದುಡ್ಡು ಕೂಗುತ್ತಾರೋ ಅವರಿಗೆ ಕೆರೆ ಕೊಟ್ಟರೆ, ಗಾಳಿ ಬೀಸಿದ ದಿನವೂ ಅವನು ದೋಣಿ ಬಿಡಲೇಬೇಕಾಗುತ್ತದೆ. ಗಾಳಿ-ಮಳೆಗೆ ಮುಚ್ಚಿದ ದಿನದ ಬಾಡಿಗೆ ಕಡಿತ ಅಂತ ಟೆಂಡರ್ ಷರತ್ತಿನಲ್ಲಿ ಒಂದು ಸಾಲು ಸೇರಿಸಿದರೆ ಆ ಹುಡುಗನಿಗೂ ಬೇಡ ಅನ್ನುವ ಧೈರ್ಯ ಬರುತ್ತದೆ. ಟೆಂಡರ್ ಕರೆಯುವವರಿಗೆ ಹೀಗೊಂದು ಅರ್ಜಿ ಕೊಡು ಅಂತ ಅವನಿಗೆ ಹೇಳಿದ್ದೇನೆ. ಕರಡು ನಾನೇ ಬರೆದು ಕಳಿಸುತ್ತೇನೆ.