ವಿಮೆಯಿಲ್ಲದ ವಾಹನ ಗುದ್ದಿದಾಗ ಆ ನಷ್ಟ ಯಾರ ತಲೆಗೆ?

ಅಪಘಾತವಾದ ಕೂಡಲೇ ನಾವೆಲ್ಲ ಕೇಳುವ ಮೊದಲ ಪ್ರಶ್ನೆ ತಪ್ಪು ಯಾರದ್ದು ಎಂಬುದು. ತಪ್ಪು ಎದುರಿನವರದ್ದೆಂದು ತೀರ್ಮಾನವಾದರೆ ನಮ್ಮ ನಷ್ಟ ಹೇಗಾದರೂ ತುಂಬಿ ಬರುತ್ತದೆ ಎಂಬ ಭರವಸೆ ನಮಗಿರುತ್ತದೆ. ಎದುರಿನ ವಾಹನಕ್ಕೆ ವಿಮೆಯೇ ಇಲ್ಲವೆಂದು ತಿಳಿದ ಕ್ಷಣದಲ್ಲಿ ಆ ಭರವಸೆಗೆ ಆಧಾರವಿಲ್ಲದಂತಾಗುತ್ತದೆ. ತಪ್ಪು ಪೂರ್ತಿ ಅವರದ್ದೇ ಆಗಿರಬಹುದು, ಅದನ್ನು ಅವರು ಎಲ್ಲರ ಎದುರು ಒಪ್ಪಿಕೊಂಡಿರಲೂಬಹುದು, ಆದರೆ ಕೊಡುವುದಕ್ಕೆ ಅವರ ಕೈಯಲ್ಲಿ ಏನೂ ಇಲ್ಲದಿದ್ದರೆ ಆ ಒಪ್ಪಿಗೆಯಿಂದ ಗ್ಯಾರೇಜಿನ ಬಿಲ್ಲೂ ತೀರುವುದಿಲ್ಲ, ಆಸ್ಪತ್ರೆಯ ಬಿಲ್ಲೂ ತೀರುವುದಿಲ್ಲ. ಇಂಥ ನಷ್ಟವನ್ನು ಏಟು ತಿಂದವರ ತಲೆಗೇ ಕಟ್ಟುವುದು ಅನ್ಯಾಯವೆಂದೂ, ಒಂದು ಸಾರ್ವಜನಿಕ ನಿಧಿ ಮೊದಲು ಅದನ್ನು ತುಂಬಿಕೊಟ್ಟು ನಂತರ ತಪ್ಪಿತಸ್ಥರಿಂದ ವಸೂಲಿ ಮಾಡಬೇಕೆಂದೂ ನಾನು ದೃಢವಾಗಿ ನಂಬಿದ್ದೇನೆ. ಅಂಥ ವ್ಯವಸ್ಥೆ ಪೂರ್ತಿಯಾಗಿ ಇಲ್ಲದ ಕಡೆ, ನಮ್ಮ ಸ್ವಂತ ಪಾಲಿಸಿ ಮತ್ತು ನಾವು ಸ್ಥಳದಲ್ಲೇ ಸಂಗ್ರಹಿಸಿದ ದಾಖಲೆ ಇವೆರಡೇ ನಮ್ಮನ್ನು ಕಾಯುತ್ತವೆ.

ವಿಮೆಯಿಲ್ಲದೆ ವಾಹನ ಓಡಿಸುವವರೆಲ್ಲರೂ ಉದ್ದೇಶಪೂರ್ವಕವಾಗಿ ಕಾನೂನು ಮುರಿದವರೆಂದು ನಾನು ಹೇಳುವುದಿಲ್ಲ. ನವೀಕರಣದ ದಿನಾಂಕ ಮರೆತವರಿರುತ್ತಾರೆ, ಹಳೆಯ ಕಾರು ಕೊಂಡು ಅದರ ವಿಮೆ ಚಾಲ್ತಿಯಲ್ಲಿದೆಯೇ ಎಂದು ನೋಡದವರಿರುತ್ತಾರೆ, ಮಧ್ಯವರ್ತಿಯೊಬ್ಬ ಕೊಟ್ಟ ನಕಲಿ ಪಾಲಿಸಿಯನ್ನು ಅಸಲಿಯೆಂದೇ ನಂಬಿದವರೂ ಇರುತ್ತಾರೆ. ಆದರೆ ಕಂತು ಕಟ್ಟಲು ಹಣವಿಲ್ಲದೆ ವಿಮೆ ಕೈಬಿಟ್ಟವರ ಬಳಿ ಪರಿಹಾರ ಕೊಡಲೂ ಹಣವಿರುವುದಿಲ್ಲ. ಈ ಸಮಸ್ಯೆಯ ಕಷ್ಟವೆಲ್ಲ ಇರುವುದು ಇಲ್ಲಿಯೇ.

ಇಂಥ ಪ್ರಕರಣಗಳು ಹೆಚ್ಚಾಗಿ ಕೆಡುವುದು ನ್ಯಾಯಾಲಯದಲ್ಲಲ್ಲ, ರಸ್ತೆಯ ಪಕ್ಕದ ಆ ಮೊದಲ ಮಾತುಕತೆಯಲ್ಲಿ. "ಸರ್, ಪೊಲೀಸು, ಸ್ಟೇಷನ್ನು ಅಂತ ಯಾಕೆ ಓಡಾಡೋದು, ಗ್ಯಾರೇಜಿನ ಬಿಲ್ ಎಷ್ಟಾಗುತ್ತೋ ಅಷ್ಟೂ ನಾನೇ ಕೊಡ್ತೀನಿ, ನನ್ನ ನಂಬರ್ ತಗೊಳ್ಳಿ" ಎನ್ನುವ ಮಾತು ಕೇಳಲು ಎಷ್ಟು ಸಭ್ಯವಾಗಿರುತ್ತದೆಂದರೆ, ಅದನ್ನು ನಿರಾಕರಿಸುವುದೇ ಒರಟುತನವೆಂದು ನಮಗೆ ಅನ್ನಿಸಿಬಿಡುತ್ತದೆ. ಹೇಳುವವರ ಮನಸ್ಸಿನಲ್ಲಿ ಮೋಸವಿಲ್ಲದಿದ್ದರೂ ಆ ಮಾತನ್ನು ನಂಬಿ ಹೊರಟುಬಿಡುವುದು ಅಪಾಯ, ಏಕೆಂದರೆ ಬಿಲ್ ಎಷ್ಟಾಗುತ್ತದೆಂದು ಆ ಹೊತ್ತಿನಲ್ಲಿ ಇಬ್ಬರಿಗೂ ಗೊತ್ತಿರುವುದಿಲ್ಲ. ಹಿಂದಿನಿಂದ ಗುದ್ದಿಸಿಕೊಂಡ ಕಾರಿನ ಬಂಪರ್ ಪ್ಲಾಸ್ಟಿಕ್ಕಿನದ್ದಾದ್ದರಿಂದ ಏಟು ಬಿದ್ದ ಮೇಲೆ ಬಹುಮಟ್ಟಿಗೆ ತನ್ನ ಆಕಾರಕ್ಕೆ ಮರಳುತ್ತದೆ. ಹೊರಗೆ ಕಾಣುವುದು ಒಂದೆರಡು ಗೀರು ಮಾತ್ರ. ಅದನ್ನು ಬಿಚ್ಚಿದಾಗಲೇ ಒಳಗಿನ ಉಕ್ಕಿನ ಪಟ್ಟಿ ಬಾಗಿರುವುದು, ಸೆನ್ಸರುಗಳ ಕ್ಲಿಪ್ಪುಗಳು ಮುರಿದಿರುವುದು, ಹಿಂಬದಿಯ ಸಾಮಾನಿನ ಡಿಕ್ಕಿಯ ತಳದ ತಗಡು ಸುಕ್ಕುಗಟ್ಟಿರುವುದು ಕಣ್ಣಿಗೆ ಬೀಳುತ್ತದೆ. ದೇಹದ ವಿಷಯವೂ ಹಾಗೆಯೇ. ಅಪಘಾತದ ಗಾಬರಿಯಲ್ಲಿ ಗೊತ್ತಾಗದ ಕುತ್ತಿಗೆ ನೋವು ಮರುದಿನ ಬೆಳಿಗ್ಗೆ ತಲೆ ತಿರುಗಿಸಲಾಗದಷ್ಟು ಬಿಗಿಯಾಗಿ ಕಾಣಿಸಿಕೊಳ್ಳುವುದು ವೈದ್ಯರಿಗೆಲ್ಲ ಗೊತ್ತಿರುವ ಸಂಗತಿ. ಅಷ್ಟರಲ್ಲಿ ಸ್ವಲ್ಪ ಹಣ ತೆಗೆದುಕೊಂಡು "ಪೂರ್ಣ ಮತ್ತು ಅಂತಿಮ ಇತ್ಯರ್ಥವಾಗಿದೆ" ಎಂಬ ಚೀಟಿಗೆ ಸಹಿ ಹಾಕಿದ್ದರೆ, ಆಮೇಲೆ ಕಾಣಿಸಿಕೊಂಡ ನೋವಿಗೂ ಜಖಮಿಗೂ ಪರಿಹಾರ ಕೇಳುವ ದಾರಿ ಬಹುತೇಕ ಮುಚ್ಚಿದಂತೆಯೇ.

ಹಾಗಾಗಿ ಪೊಲೀಸರಿಗೆ ತಿಳಿಸಿ ದೂರು ದಾಖಲಿಸುವುದು, ನಮ್ಮ ವಿಮಾ ಕಂಪನಿಗೆ ಅಂದೇ ಮಾಹಿತಿ ಕೊಡುವುದು, ನೋವಿರಲಿ ಇಲ್ಲದಿರಲಿ ವೈದ್ಯರಿಂದ ಪರೀಕ್ಷಿಸಿಕೊಂಡು ಅದರ ಚೀಟಿ ಇಟ್ಟುಕೊಳ್ಳುವುದು, ಇಷ್ಟನ್ನು ಎದುರಿನವರು ಎಷ್ಟೇ ಒಳ್ಳೆಯವರಾಗಿ ಕಂಡರೂ ಬಿಡಬಾರದು. ವಾಹನಗಳನ್ನು ಪಕ್ಕಕ್ಕೆ ಸರಿಸುವ ಮೊದಲು, ಅಪಾಯವಿಲ್ಲದಿದ್ದರೆ, ರಸ್ತೆಯ ಗುರುತುಗಳು ಮತ್ತು ಎರಡೂ ವಾಹನಗಳು ಒಟ್ಟಿಗೆ ಕಾಣುವಂತೆ ದೂರದಿಂದ ಕೆಲವು ಫೋಟೊಗಳನ್ನು ತೆಗೆಯಬೇಕು, ಏಕೆಂದರೆ ಹತ್ತಿರದಿಂದ ತೆಗೆದ ಫೋಟೊ ಏಟಿನ ಆಳವನ್ನು ತೋರಿಸುತ್ತದೆಯೇ ಹೊರತು ಯಾರು ಯಾವ ಸಾಲಿನಲ್ಲಿದ್ದರು ಎಂಬುದನ್ನು ತೋರಿಸುವುದಿಲ್ಲ. ಕಾರಿನ ಡ್ಯಾಶ್‌ಕ್ಯಾಮ್ ಹಳೆಯ ದೃಶ್ಯಗಳ ಮೇಲೆಯೇ ಹೊಸದನ್ನು ಬರೆಯುತ್ತ ಹೋಗುವುದರಿಂದ ಆ ತುಣುಕನ್ನು ಅಂದೇ ಬೇರೆಡೆ ಉಳಿಸಿಕೊಳ್ಳಬೇಕು. ಅಕ್ಕಪಕ್ಕದ ಕಟ್ಟಡಗಳ ಸಿಸಿಟಿವಿಗೂ ಇದೇ ಮಾತು ಅನ್ವಯಿಸುತ್ತದೆ. ಚಾಲಕರ ಜೊತೆಗೆ ವಾಹನದ ಮಾಲೀಕರ ವಿವರವನ್ನೂ ಪಡೆದುಕೊಳ್ಳಬೇಕು, ಏಕೆಂದರೆ ಅನೇಕ ದೇಶಗಳ ಕಾನೂನಿನಲ್ಲಿ ಮಾಲೀಕರೂ ಪರಿಹಾರಕ್ಕೆ ಬಾಧ್ಯರು, ಮತ್ತು ಇಬ್ಬರಲ್ಲಿ ಆಸ್ತಿ ಇರುವುದು ಮಾಲೀಕರಿಗೇ ಆಗಿರಬಹುದು.

ನನ್ನ ಪರಿಚಿತರೊಬ್ಬರ ಪ್ರಕರಣದಲ್ಲಿ ಎದುರಿನ ಚಾಲಕ ತನ್ನ ಮೊಬೈಲಿನಲ್ಲಿ ಪಾಲಿಸಿಯನ್ನು ತೋರಿಸಿದ್ದ. ವಾಹನದ ಸಂಖ್ಯೆ ಸರಿಯಿತ್ತು, ಕಂಪನಿಯ ಮುದ್ರೆ ಇತ್ತು, ಹೆಸರೂ ಅವನದ್ದೇ ಆಗಿತ್ತು. ವಿಮೆಯ ಅವಧಿಯನ್ನು ಹೇಳುವ ಸಾಲು ಮಾತ್ರ ಪರದೆಯ ಕೆಳಗಡೆ ಉಳಿದಿತ್ತು. ಜೊತೆಗಿದ್ದ ಅವರ ಪತ್ನಿ "ಸ್ವಲ್ಪ ಮೇಲೆ ಸರಿಸಿ" ಎಂದಾಗ ಆತ ಫೋನನ್ನು ಜೇಬಿಗಿಟ್ಟುಕೊಂಡ. ಆಮೇಲೆ ವಿಚಾರಿಸಿದಾಗ ಆ ಪಾಲಿಸಿ ಅವಧಿ ಮೀರಿದ್ದು ತಿಳಿಯಿತು. ಪಾಲಿಸಿ ತೋರಿಸಿದರೆಂದು ಸಮಾಧಾನಪಟ್ಟುಕೊಳ್ಳದೆ, ಆರಂಭದ ಮತ್ತು ಮುಕ್ತಾಯದ ದಿನಾಂಕಗಳು ಕಾಣುವಂತೆ ಅದರ ಫೋಟೊ ತೆಗೆದುಕೊಳ್ಳಬೇಕೆಂದು ನಾನು ಎಲ್ಲರಿಗೂ ಹೇಳುವುದು ಇದಕ್ಕಾಗಿ.

ಇನ್ನು ಸ್ವಂತ ಪಾಲಿಸಿಯ ಮಾತು. ಕಾನೂನು ಕಡ್ಡಾಯ ಮಾಡಿರುವ ಥರ್ಡ್ ಪಾರ್ಟಿ ವಿಮೆ ನಮ್ಮಿಂದ ಇತರರಿಗಾಗುವ ಹಾನಿಗೆ ಮಾತ್ರ ಸಲ್ಲುತ್ತದೆ. ವಿಮೆಯಿಲ್ಲದವರು ಬಂದು ನಮಗೆ ಗುದ್ದಿದರೆ ಅದರಿಂದ ನಮ್ಮ ಕಾರಿಗೆ ಬಿಡಿಗಾಸೂ ಸಿಗುವುದಿಲ್ಲ. ನಮ್ಮ ವಾಹನದ ಹಾನಿಯನ್ನು ತುಂಬಿಕೊಡುವ ಕಾಂಪ್ರಹೆನ್ಸಿವ್ ಪಾಲಿಸಿ ಇದ್ದರೆ ಎದುರಿನವರಿಗೆ ವಿಮೆ ಇದೆಯೇ ಎಂಬ ಪ್ರಶ್ನೆಯೇ ಏಳುವುದಿಲ್ಲ, ಆದರೂ ಪ್ರತಿ ಕ್ಲೇಮಿನಲ್ಲೂ ನಾವೇ ಹೊರಬೇಕಾದ ಕಡ್ಡಾಯ ಕಡಿತ, ಬಿಡಿಭಾಗಗಳ ಸವಕಳಿ, ಕ್ಲೇಮ್ ಮಾಡದಿದ್ದರೆ ಪ್ರೀಮಿಯಂನಲ್ಲಿ ಸಿಗುತ್ತಿದ್ದ ರಿಯಾಯಿತಿಯಾದ ನೋ ಕ್ಲೇಮ್ ಬೋನಸ್ ಇವೆಲ್ಲ ನಮ್ಮ ಜೇಬಿನಿಂದಲೇ ಹೋಗುತ್ತವೆ. ಎಳ್ಳಷ್ಟೂ ತಪ್ಪಿಲ್ಲದವರು ತಮ್ಮ ಬೋನಸ್ ಕಳೆದುಕೊಳ್ಳುವುದನ್ನು ನಾನು ಎಂದೂ ಒಪ್ಪಲಾರೆ. ವಿಮೆಯಿಲ್ಲದ ವಾಹನದಿಂದ ಅಪಘಾತವಾಯಿತೆಂದು ಪೊಲೀಸ್ ದಾಖಲೆಯೇ ಹೇಳುತ್ತಿರುವಾಗ ಆ ಬೋನಸ್ಸನ್ನು ಉಳಿಸಿಕೊಡುವುದು ಕಂಪನಿಗಳ ಮೇಲೆ ದೊಡ್ಡ ಹೊರೆಯೇನಲ್ಲ.

ಅಮೆರಿಕದಲ್ಲಿ ಇದಕ್ಕೆಂದೇ, ವಿಮೆಯಿಲ್ಲದವರಿಂದಾದ ನಷ್ಟವನ್ನು ನಮ್ಮ ಕಂಪನಿಯೇ ತುಂಬಿಕೊಡುವ 'ಅನ್‌ಇನ್ಶೂರ್ಡ್ ಮೋಟರಿಸ್ಟ್' ಎಂಬ ಪ್ರತ್ಯೇಕ ರಕ್ಷಣೆ ಇದೆ; ಹಲವು ರಾಜ್ಯಗಳು ಅದನ್ನು ಕಡ್ಡಾಯ ಮಾಡಿವೆ. ಅಲ್ಲಿ ವಿಮಾ ಉದ್ಯಮದ ಸಂಶೋಧನಾ ಸಂಸ್ಥೆಯೇ 2019ರಲ್ಲಿ ಸುಮಾರು ಎಂಟು ಚಾಲಕರಲ್ಲಿ ಒಬ್ಬರಿಗೆ ವಿಮೆಯಿರಲಿಲ್ಲವೆಂದು ಅಂದಾಜಿಸಿದ್ದನ್ನು ನೋಡಿದರೆ ಅದರ ಅಗತ್ಯ ತಾನಾಗಿಯೇ ತಿಳಿಯುತ್ತದೆ. ಆದರೆ ಈ ರಕ್ಷಣೆಯಲ್ಲಿ ಪಾಲಿಸಿದಾರರು ಮೊದಲೇ ಅರಿತಿರಬೇಕಾದ ಒಂದು ಅಂಶವಿದೆ. ಗಾಯಕ್ಕೆ ಪರಿಹಾರ ಕೇಳುವಾಗ ನಮ್ಮದೇ ವಿಮಾ ಕಂಪನಿ ಆ ತಪ್ಪಿತಸ್ಥ ಚಾಲಕನ ಸ್ಥಾನದಲ್ಲಿ ನಿಲ್ಲುತ್ತದೆ. ತಪ್ಪಿನಲ್ಲಿ ನಮ್ಮ ಪಾಲೆಷ್ಟು, ಗಾಯ ಎಷ್ಟು ಗಂಭೀರ, ಚಿಕಿತ್ಸೆ ಎಷ್ಟು ಅಗತ್ಯವಾಗಿತ್ತು ಎಂದು ಅದು ನಮ್ಮನ್ನೇ ಪ್ರಶ್ನಿಸುತ್ತದೆ. ವರ್ಷಗಟ್ಟಲೆ ಪ್ರೀಮಿಯಂ ಕಟ್ಟಿಸಿಕೊಂಡ ಕಂಪನಿ ಎದುರುಪಕ್ಷದಂತೆ ಮಾತನಾಡುವುದನ್ನು ಕಂಡು ಜನ ನೊಂದುಕೊಳ್ಳುವುದು ಸಹಜ. ಆಗ ಬೇಕಾಗುವುದು ಸ್ಥಳದಲ್ಲಿ ತೆಗೆದಿಟ್ಟ ಅದೇ ದಾಖಲೆಗಳು.

ಕಂಪನಿ ನಮಗೆ ಹಣ ಕೊಟ್ಟ ಮೇಲೆ ಅದನ್ನು ತಪ್ಪಿತಸ್ಥರಿಂದ ವಸೂಲಿ ಮಾಡುವ ಹಕ್ಕು ಅದಕ್ಕೆ ವರ್ಗವಾಗುತ್ತದೆ. ಇದನ್ನು ಸಬ್ರೋಗೇಶನ್ ಎನ್ನುತ್ತಾರೆ. ಕಂಪನಿಗೆ ತಿಳಿಸದೆ ನಾವು ಎದುರಿನವರೊಂದಿಗೆ ರಾಜಿಯಾಗಿ ಅವರನ್ನು ಋಣಮುಕ್ತರನ್ನಾಗಿ ಮಾಡಿದರೆ ಕಂಪನಿಯ ಈ ಹಕ್ಕೂ ನಾಶವಾಗುವುದರಿಂದ, ಅದೇ ಕಾರಣ ನೀಡಿ ನಮ್ಮ ಕ್ಲೇಮನ್ನು ತಿರಸ್ಕರಿಸಲು ಅವಕಾಶವಾಗುತ್ತದೆ. ರಸ್ತೆಬದಿಯ ರಾಜಿಯನ್ನು ನಾನು ಇಷ್ಟು ವಿರೋಧಿಸುವುದಕ್ಕೆ ಇದೂ ಒಂದು ಕಾರಣ.

ನೇರವಾಗಿ ದಾವೆ ಹೂಡಬಹುದಲ್ಲ ಎಂದು ಕೇಳುವವರಿದ್ದಾರೆ. ಖಂಡಿತ ಹೂಡಬಹುದು, ತೀರ್ಪೂ ನಮ್ಮ ಪರವಾಗಿ ಬರಬಹುದು. ಆದರೆ ಡಿಕ್ರಿ, ಅಂದರೆ ನ್ಯಾಯಾಲಯದ ಅಧಿಕೃತ ಆದೇಶ, ಬಂದ ಮೇಲೆ ಅದನ್ನು ಅಮಲು ಮಾಡಿಸಲು ಮತ್ತೆ ಅರ್ಜಿ ಹಾಕಬೇಕು, ಆಸ್ತಿ ಎಲ್ಲಿದೆಯೆಂದು ನಾವೇ ಹುಡುಕಿ ತೋರಿಸಬೇಕು, ಸಂಬಳವಿದ್ದರೆ ಅದರಲ್ಲಿ ಕಾನೂನು ಬಿಟ್ಟುಕೊಟ್ಟಷ್ಟು ಭಾಗವನ್ನು ಮಾತ್ರ ಜಪ್ತಿ ಮಾಡಿಸಬೇಕು. ಆಸ್ತಿಯೂ ಇಲ್ಲ, ಖಾಯಂ ಸಂಬಳವೂ ಇಲ್ಲ ಎಂದಾದರೆ ಆ ಡಿಕ್ರಿ ಕಡತದಲ್ಲೇ ಉಳಿಯುತ್ತದೆ. ವಕೀಲರನ್ನು ಕಾಣುವವರು ಗೆಲ್ಲುವ ಸಾಧ್ಯತೆಯನ್ನು ಕೇಳುವುದಕ್ಕಿಂತ ಮೊದಲು ವಸೂಲಾಗುವ ಸಾಧ್ಯತೆಯನ್ನು ಕೇಳಬೇಕು.

ಈ ಕಷ್ಟವನ್ನು ಕೆಲವು ದೇಶಗಳು ಬಹಳ ಹಿಂದೆಯೇ ಗುರುತಿಸಿವೆ. ಬ್ರಿಟನ್ 1930ರಲ್ಲಿ ಥರ್ಡ್ ಪಾರ್ಟಿ ವಿಮೆಯನ್ನು ಕಡ್ಡಾಯ ಮಾಡಿತು. ಕಡ್ಡಾಯ ಮಾಡಿದ ಮಾತ್ರಕ್ಕೆ ಎಲ್ಲರೂ ವಿಮೆ ಮಾಡಿಸುವುದಿಲ್ಲವೆಂದು ಅನುಭವದಿಂದ ಕಂಡುಕೊಂಡ ಮೇಲೆ 1946ರಲ್ಲಿ ಮೋಟರ್ ಇನ್ಶೂರರ್ಸ್ ಬ್ಯೂರೊ ಸ್ಥಾಪನೆಯಾಯಿತು. ವಾಹನ ವಿಮಾ ಕಂಪನಿಗಳೆಲ್ಲ ಸೇರಿ ಹಣ ಹಾಕುವ ಈ ಸಂಸ್ಥೆ, ವಿಮೆಯಿಲ್ಲದ ಅಥವಾ ಪತ್ತೆಯಾಗದ ಚಾಲಕರಿಂದ ತೊಂದರೆಗೊಳಗಾದವರಿಗೆ ಪರಿಹಾರ ಕೊಡುತ್ತದೆ. ಇಂಥದ್ದೇ ಸಂಸ್ಥೆಯೊಂದು ಪ್ರತಿ ಸದಸ್ಯ ದೇಶದಲ್ಲೂ ಇರಬೇಕೆಂದು ಇಂದಿನ ಯುರೋಪಿಯನ್ ಒಕ್ಕೂಟದ ಹಿಂದಿನ ರೂಪವಾದ ಯುರೋಪಿನ ಸಮುದಾಯ 1983ರ ಕೊನೆಯಲ್ಲಿ ನಿರ್ದೇಶನ ಹೊರಡಿಸಿತು. ನ್ಯೂಜಿಲೆಂಡ್ ಇನ್ನೂ ಮುಂದೆ ಹೋಗಿ, 1974ರಿಂದ ಅಪಘಾತದ ಗಾಯಗಳಿಗೆ ತಪ್ಪು ಯಾರದ್ದೆಂದು ಕೇಳದೆಯೇ ಸಾರ್ವಜನಿಕ ನಿಧಿಯಿಂದ ಚಿಕಿತ್ಸೆಯನ್ನೂ ಪರಿಹಾರವನ್ನೂ ಕೊಡುತ್ತಿದೆ. ಅಲ್ಲಿ ವಾಹನ ವಿಮೆ ಇಂದಿಗೂ ಕಡ್ಡಾಯವಲ್ಲ, ಆದ್ದರಿಂದ ಕಾರಿನ ಜಖಮಿನ ವಿಷಯದಲ್ಲಿ ಜಗಳ ತಪ್ಪುವುದಿಲ್ಲ. ಆದರೆ ಮುರಿದ ಕಾಲಿನ ಚಿಕಿತ್ಸೆ ಗುದ್ದಿದವರ ಆರ್ಥಿಕ ಸ್ಥಿತಿಯನ್ನು ಅವಲಂಬಿಸಿ ನಿಲ್ಲುವುದಿಲ್ಲ. ನನಗೆ ಮುಖ್ಯವಾಗಿ ಕಾಣುವುದು ಅದು.

ಪ್ರಾಮಾಣಿಕವಾಗಿ ವಿಮೆ ಕಟ್ಟುವವರು ಕಟ್ಟದವರ ಸಾಲವನ್ನೇಕೆ ತೀರಿಸಬೇಕು ಎಂಬ ಆಕ್ಷೇಪಕ್ಕೆ ತೂಕವಿದೆ, ಅದನ್ನು ತಳ್ಳಿಹಾಕುವಂತಿಲ್ಲ. ಆದರೆ ನಿಧಿ ಇಲ್ಲದಿದ್ದಾಗಲೂ ಆ ಸಾಲವನ್ನು ತೀರಿಸುತ್ತಿರುವವರು ಪ್ರಾಮಾಣಿಕರೇ. ವ್ಯತ್ಯಾಸವಿಷ್ಟೇ, ಆಗ ಎಲ್ಲರೂ ಸ್ವಲ್ಪ ಸ್ವಲ್ಪ ಹೊರುವ ಬದಲು ಅಂದು ಆ ರಸ್ತೆಯಲ್ಲಿದ್ದ ಒಂದು ಕುಟುಂಬ ಪೂರ್ತಿಯಾಗಿ ಹೊರುತ್ತದೆ. ನಿಧಿಯ ಜೊತೆಗೆ ಕಟ್ಟುನಿಟ್ಟಿನ ತಪಾಸಣೆಯೂ ಇರಬೇಕೆಂಬುದರಲ್ಲಿ ಎರಡು ಮಾತಿಲ್ಲ. ವಿಮೆಯಿಲ್ಲದಿರುವುದಕ್ಕೆ ಹಾಕುವ ದಂಡ ಒಂದು ವರ್ಷದ ಪ್ರೀಮಿಯಂಗಿಂತ ಕಡಿಮೆಯಿದ್ದರೆ ಕಾನೂನೇ ತಪ್ಪು ಲೆಕ್ಕ ಹೇಳಿಕೊಟ್ಟಂತಾಗುತ್ತದೆ. ಬ್ರಿಟನ್ 2011ರಿಂದ ನೋಂದಣಿ ದಾಖಲೆಯನ್ನು ವಿಮೆಯ ದಾಖಲೆಯೊಂದಿಗೆ ತಾಳೆ ನೋಡಿ, ವಾಹನ ರಸ್ತೆಗಿಳಿಯುವ ಮೊದಲೇ ಮಾಲೀಕರಿಗೆ ಎಚ್ಚರಿಕೆಯ ಪತ್ರ ಕಳಿಸುತ್ತಿದೆ. ಅಪಘಾತವಾದ ಮೇಲೆ ವಿಮೆ ಇರಲಿಲ್ಲವೆಂದು ಪತ್ತೆ ಮಾಡುವುದಕ್ಕಿಂತ ಇದು ಎಷ್ಟೋ ಮೇಲು.

ನಮ್ಮ ದೇಶದಲ್ಲಿ 1988ರ ಮೋಟಾರು ವಾಹನ ಕಾಯ್ದೆಯ 146ನೇ ಸೆಕ್ಷನ್ ವಿಮೆಯನ್ನು ಕಡ್ಡಾಯ ಮಾಡಿದೆ. ಗುದ್ದಿ ಪರಾರಿಯಾದ, ಗುರುತು ಸಿಗದ ವಾಹನಗಳ ಪ್ರಕರಣಗಳಲ್ಲಿ ಸಾವಿಗೆ 2 ಲಕ್ಷ ರೂಪಾಯಿ, ತೀವ್ರ ಗಾಯಕ್ಕೆ 50 ಸಾವಿರ ರೂಪಾಯಿ ಕೊಡುವ ಯೋಜನೆ 2022ರಿಂದ ಜಾರಿಯಲ್ಲಿದೆ. 2025ರ ನಗದುರಹಿತ ಚಿಕಿತ್ಸೆಯ ಯೋಜನೆಯಲ್ಲಿ ರಸ್ತೆ ಅಪಘಾತದ ಗಾಯಾಳುಗಳಿಗೆ ಏಳು ದಿನಗಳವರೆಗೆ, 1.5 ಲಕ್ಷ ರೂಪಾಯಿಯ ಮಿತಿಯಲ್ಲಿ ಆಸ್ಪತ್ರೆಯ ಖರ್ಚು ಸಿಗುತ್ತದೆ. ಇವೆರಡೂ ಸ್ವಾಗತಾರ್ಹ. ಆದರೆ ಓಡಿಹೋಗದೆ ಸ್ಥಳದಲ್ಲೇ ನಿಂತ, ಹೆಸರು ವಿಳಾಸ ಕೊಟ್ಟ, ಆದರೆ ವಿಮೆಯಿಲ್ಲದ ಚಾಲಕನಿಂದ ಕೈಕಾಲು ಕಳೆದುಕೊಂಡವರು ಅಪಘಾತ ಪರಿಹಾರದ ಅರ್ಜಿಗಳನ್ನು ವಿಚಾರಿಸುವ ನ್ಯಾಯಮಂಡಳಿಯಿಂದ ಪರಿಹಾರದ ಆದೇಶ ಪಡೆದರೂ ಅದನ್ನು ವಾಹನದ ಮಾಲೀಕರಿಂದಲೇ ವಸೂಲಿ ಮಾಡಿಕೊಳ್ಳಬೇಕು. ವಿಮೆಯಿಲ್ಲದ ವಾಹನವನ್ನು ಸಾಕಷ್ಟು ಭದ್ರತೆ ಪಡೆಯದೆ ಬಿಡುಗಡೆ ಮಾಡಬಾರದು, ಭದ್ರತೆ ಕೊಡದಿದ್ದರೆ ಅದನ್ನು ಹರಾಜು ಹಾಕಿ ಹಣವನ್ನು ನ್ಯಾಯಮಂಡಳಿಯಲ್ಲಿ ಇಡಬೇಕು ಎಂಬ ನಿಯಮವನ್ನು ಎಲ್ಲ ರಾಜ್ಯಗಳೂ ತರಬೇಕೆಂದು ಸುಪ್ರೀಂ ಕೋರ್ಟ್ 2018ರಲ್ಲಿ ನಿರ್ದೇಶಿಸಿದೆ. ಒಳ್ಳೆಯ ನಿಯಮವೇ, ಆದರೆ ಗುಜರಿಗೆ ಹತ್ತಿರವಾದ ವಾಹನವೊಂದನ್ನು ಮಾರಿದರೆ ಬರುವ ಹಣದಲ್ಲಿ ಒಂದು ಶಸ್ತ್ರಚಿಕಿತ್ಸೆಯ ಖರ್ಚೂ ಹುಟ್ಟುವುದಿಲ್ಲ. 2019ರ ತಿದ್ದುಪಡಿಯಲ್ಲಿ ಸೇರಿಸಿದ 164ಬಿ ಸೆಕ್ಷನ್ ಮೋಟಾರು ವಾಹನ ಅಪಘಾತ ನಿಧಿಯನ್ನು ಸ್ಥಾಪಿಸಿದೆ, ಮತ್ತು ಸರ್ಕಾರ ನಿಯಮದ ಮೂಲಕ ಸೂಚಿಸುವ ಇತರ ವ್ಯಕ್ತಿಗಳಿಗೂ ಆ ನಿಧಿಯಿಂದ ಪರಿಹಾರ ಕೊಡಲು ಅಲ್ಲಿಯೇ ಅವಕಾಶವಿದೆ. ಆ ಅವಕಾಶವನ್ನು ಬಳಸಿ, ವಿಮೆಯಿಲ್ಲದ ವಾಹನದಿಂದ ಸತ್ತವರ ಕುಟುಂಬಕ್ಕೂ ಗಾಯಗೊಂಡವರಿಗೂ ನ್ಯಾಯಮಂಡಳಿ ನಿಗದಿಪಡಿಸಿದ ಮೊತ್ತವನ್ನು ನಿಧಿಯಿಂದಲೇ ಮೊದಲು ಪಾವತಿಸಿ, ನಂತರ ಮಾಲೀಕರಿಂದ ಭೂಕಂದಾಯದ ಬಾಕಿಯಂತೆ, ಅಂದರೆ ಸರ್ಕಾರವೇ ಆಸ್ತಿ ಜಪ್ತಿ ಮಾಡಿ, ವಸೂಲಿ ಮಾಡುವ ನಿಯಮವನ್ನು ಕೇಂದ್ರ ಸರ್ಕಾರ ರೂಪಿಸಬೇಕು.