ಸರ್‌ಚಾರ್ಜ್ ಹಣದಲ್ಲಿ ರಾಜ್ಯಗಳಿಗೆ ಪಾಲಿಲ್ಲ
ಶ್ರೀಮಂತರ ತೆರಿಗೆ ಏರಿಸಿದರೆ ಅವರೆಲ್ಲ ದುಬೈಗೆ ಹಾರುತ್ತಾರೆ ಎಂದು ಪತ್ರಿಕೆಯ ಲೇಖನವೊಂದರಲ್ಲಿ ಲೇಖಕರು ಬರೆದಿದ್ದಾರೆ. ಒಪ್ಪಲಾರೆ. ಮುಂಬೈಯ ಫೋರ್ಟ್ ಪ್ರದೇಶದಲ್ಲಿ ಲೆಕ್ಕಪತ್ರ ನೋಡುತ್ತಾ ಇಪ್ಪತ್ತೆರಡು ವರ್ಷವಾಯಿತು. 2019ರಲ್ಲಿ ಐದು ಕೋಟಿ ಮೀರಿದ ಆದಾಯಕ್ಕೆ ಸರ್‌ಚಾರ್ಜ್, ಅಂದರೆ ಕಟ್ಟುವ ತೆರಿಗೆಯ ಮೇಲೆ ಹಾಕುವ ಹೆಚ್ಚುವರಿ ತೆರಿಗೆ, ಶೇ. 37 ಆದಾಗ ನಮ್ಮಲ್ಲಿಗೆ ಬರುವ ಯಾರೂ ಊರು ಬಿಡಲಿಲ್ಲ. ತಮ್ಮ ತೆರಿಗೆ ಇಳಿಸಲು ಸಂಬಳ ತಗ್ಗಿಸಿ ಲಾಭವನ್ನು ಕಂಪನಿಯಲ್ಲೇ ಉಳಿಸಬಹುದೇ ಎಂದು ಕೇಳಿಕೊಂಡು ಬಂದರು. ಬರೆಯಬೇಕಿದ್ದದ್ದು ಅದನ್ನು.

ಹಾಗಂತ ದರಕ್ಕೆ ಮಿತಿಯೇ ಬೇಡ ಅನ್ನುತ್ತಿಲ್ಲ. 1973-74ರಲ್ಲಿ ಗರಿಷ್ಠ ದರ ಶೇ. 97.75 ಇತ್ತು. ಮಾಟುಂಗದ ಹೋಟೆಲಿನ ಗಲ್ಲಾದಲ್ಲಿ ಕೂರುತ್ತಿದ್ದ ನಮ್ಮ ದೊಡ್ಡಪ್ಪ ಆ ಕಾಲದ ವ್ಯಾಪಾರಿಗಳ ಬಗ್ಗೆ ಹೇಳುತ್ತಿದ್ದರು: ಕೆಂಪು ಬಟ್ಟೆಯ ರಟ್ಟಿನ ಲೆಕ್ಕದ ಪುಸ್ತಕ ತೆರಿಗೆ ಇಲಾಖೆಗೆ, ಅಕ್ಕಿ ಡಬ್ಬಿಯ ಹಿಂದಿನ ನಿಜವಾದದ್ದು ಮನೆಗೆ.

ನನ್ನ ನಿಜವಾದ ತಕರಾರು ಸರ್‌ಚಾರ್ಜಿನ ಮೇಲೆ. ಆದಾಯ ತೆರಿಗೆಯಲ್ಲಿ ರಾಜ್ಯಗಳಿಗೆ ಪಾಲಿದೆ, ಇದರಲ್ಲಿ ಒಂದು ಪೈಸೆಯೂ ಇಲ್ಲ. ಮೂಲ ದರವನ್ನೇ ಏರಿಸಲಿ, ನಮ್ಮ ರಾಜ್ಯಗಳ ಶಾಲೆ ಆಸ್ಪತ್ರೆಗಳಿಗೂ ಸೇರಲಿ.