ನೀರು ನುಗ್ಗುವುದು ಒಂದು ಕಡೆ, ತೊಟ್ಟಿಕ್ಕುವುದು ಇನ್ನೊಂದು ಕಡೆ

ಮೃಗಶಿರ ಮಳೆ ಹಿಡಿಯುವುದಕ್ಕೆ ಇನ್ನು ಹೆಚ್ಚು ದಿನ ಉಳಿದಿಲ್ಲ. ಮನೆಯಲ್ಲಿ ಹಳೇ ಅಂಬಾಸಿಡರ್ ಕಾರಾಗಲಿ ಪದ್ಮಿನಿ ಆಗಲಿ ಇಟ್ಟುಕೊಂಡವರು, ಒಳಗೆ ಮಳೆ ನೀರು ಸೋರುತ್ತಿದೆಯೇ ಅಂತ ತಿಳಿಯಲು ದಯವಿಟ್ಟು ಈ ಭಾನುವಾರ ಒಂದು ಕೆಲಸ ಮಾಡಿ. ಮುಂದಿನ ಎರಡೂ ಕಡೆಯ ಮ್ಯಾಟ್ ತೆಗೆದು, ಕಾರ್ಪೆಟ್ ಎತ್ತಿ, ಅದರಡಿಯ ಫೆಲ್ಟನ್ನು, ಅಂದರೆ ಕಂಬಳಿಯಂಥ ಹಾಸನ್ನು, ಮುಷ್ಟಿಯಲ್ಲಿ ಹಿಂಡಿ ನೋಡಿ. ಮೇಲಿಂದ ಸವರಿ ಒಣಗಿದೆ ಅಂದುಕೊಳ್ಳಬೇಡಿ. ನಮ್ಮ ಕಾರಿನದ್ದೂ ಮೇಲೆ ಒಣಗಿಯೇ ಇತ್ತು. ಹಿಂಡಿದಾಗ ಕಷಾಯದ ಬಣ್ಣದ ನೀರು ಮೊಣಕೈವರೆಗೆ ಇಳಿಯಿತು.

ನಮ್ಮದು 1984ರ ಅಂಬಾಸಿಡರ್, ಮಾರ್ಕ್ 4 ಮಾಡೆಲ್. ಅಪ್ಪಯ್ಯ ಕೊಂಡಿದ್ದು. ಅದರ ಆಯುಷ್ಯವೆಲ್ಲ ತೀರ್ಥಹಳ್ಳಿ ಕಡೆಯ ಮಳೆಯಲ್ಲೇ ಕಳೆದಿದೆ. ಅಕ್ಕನನ್ನು ಹೆರಿಗೆಗೆ ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿದ್ದು ಪುಷ್ಯ ಮಳೆಯ ಒಂದು ರಾತ್ರಿ, ಇದೇ ಕಾರಿನಲ್ಲಿ. ಅಂಥ ಮಳೆಗೂ ಆಗ ಒಳಗೆ ಒಂದು ಹನಿ ಬಿದ್ದಿರಲಿಲ್ಲ. ಮೂರು ವರ್ಷದ ಹಿಂದೆ ಎಡಗಡೆ ಕಾಲಿಡುವ ಜಾಗ ಒದ್ದೆಯಾಗತೊಡಗಿತು. ಪೇಟೆಯ ಒಂದು ವರ್ಕ್‌ಶಾಪಿಗೆ ಬಿಟ್ಟೆ. "ಹಳೇ ಗಾಡಿ ಸಾರ್, ಸೋರೋದೇ. ಗ್ಲಾಸಿನ ಸುತ್ತ ಸಿಲಿಕಾನ್ ಅಂಟು ಹೊಡೆದುಬಿಡ್ತೀವಿ" ಅಂದರು. ಹೊಡೆದರು, ಎರಡು ಸಾವಿರ ತೆಗೆದುಕೊಂಡರು. ಮುಂದಿನ ಆರಿದ್ರಾ ಮಳೆಗೆ ಅದೇ ಜಾಗ ಮತ್ತೆ ಒದ್ದೆ, ಈ ಸಲ ವಾಸನೆಯೂ ಜೊತೆಗೆ.

"ಹಳೇ ಗಾಡಿ ಸೋರೋದೇ" ಅನ್ನುವ ಆ ಮಾತು ನನಗೆ ಇವತ್ತಿಗೂ ನುಂಗಲಾಗುವುದಿಲ್ಲ. ಬಂಗಾಳದ ಉತ್ತರಪಾರಾದ ಕಾರ್ಖಾನೆಯಲ್ಲಿ ಐವತ್ತು ವರ್ಷಕ್ಕೂ ಮೇಲೆ, 2014ರವರೆಗೆ ತಯಾರಾದ ಕಾರಿದು. ಬಂಗಾಳದ ಮಳೆಗೂ ನಮ್ಮ ಘಟ್ಟದ ಮಳೆಗೂ ಅಂಜದೆ ಓಡಿದೆ. ಛಾವಣಿಯ ಅಂಚಿಗೆ ನೀರು ಹರಿಯುವ ದೋಣಿ ಇದೆ, ಬಾಗಿಲ ತಳದಲ್ಲಿ ನೀರು ಇಳಿಯುವ ತೂತುಗಳಿವೆ. ಕಾರು ಸೋರುತ್ತಿದೆ ಅಂದರೆ ಎಲ್ಲೋ ಒಂದು ರಬ್ಬರು ಸತ್ತಿದೆ, ಇಲ್ಲವೇ ತುಕ್ಕು ತಗಡು ತಿಂದಿದೆ, ಇಲ್ಲವೇ ನೀರು ಹೋಗುವ ದಾರಿಯನ್ನು ಯಾರೋ ಮುಚ್ಚಿದ್ದಾರೆ. ಅದನ್ನು ಹುಡುಕುವುದೇ ಕೆಲಸದ ಮುಕ್ಕಾಲು ಪಾಲು. ಹುಡುಕದೆ ಬಳಿಯುವುದು ಕೆಲಸವೇ ಅಲ್ಲ.

ಹಂಚಿನ ಮನೆಯಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಲೆಯ ಮೇಲೆ ತೊಟ್ಟಿಕ್ಕಿದರೆ ಅಪ್ಪಯ್ಯ ಒಲೆಯ ನೆತ್ತಿಯ ಹಂಚನ್ನು ಮುಟ್ಟುತ್ತಲೇ ಇರಲಿಲ್ಲ. ಹಂಚು ಹೊರುವ ಪಕಾಸಿ ಮರದ ಗುಂಟ ಬೆರಳಾಡಿಸುತ್ತ ಮೇಲಕ್ಕೆ ಹೋಗುತ್ತಿದ್ದರು. ಒಡೆದ ಹಂಚು ಸಿಗುತ್ತಿದ್ದುದು ಮೂರು ನಾಲ್ಕು ರೀಪು ಆಚೆಗೆ. ಕಾರಿನಲ್ಲಿ ಪಕಾಸಿಯ ಬದಲು ವೈರಿಂಗಿನ ಕಟ್ಟು, ಡ್ಯಾಶ್‌ಬೋರ್ಡಿನ ಹಿಂದಿನ ತಗಡಿನ ಅಂಚು, ಎರಡು ತಗಡು ಕೂಡಿಸಿದ ಸಂದು. ನೀರು ಅದರ ಗುಂಟ ನಡೆದು ಹೋಗಿ ತನಗೆ ಬೇಕಾದಲ್ಲಿ ಬೀಳುತ್ತದೆ.

ಕಳೆದ ವರ್ಷ ಬೇಸಿಗೆಯಲ್ಲಿ ನಾನೂ ಮಗಳೂ ಕೂತು ಹುಡುಕಿದೆವು. ಮುಂದಿನ ಸೀಟು, ಕಾರ್ಪೆಟ್, ಫೆಲ್ಟ್, ಬಾಗಿಲಿನ ಒಳಗಿನ ಪ್ಯಾಡ್ ಎಲ್ಲ ಬಿಚ್ಚಿ ಹೊರಗಿಟ್ಟು, ತಗಡನ್ನು ಬಟ್ಟೆಯಲ್ಲಿ ಒರೆಸಿ ಎರಡು ದಿನ ಬಿಸಿಲಿಗೆ ಬಿಟ್ಟೆವು. ಅನುಮಾನ ಬಂದ ಜಾಗಕ್ಕೆಲ್ಲ ಮುಖಕ್ಕೆ ಹಚ್ಚುವ ಪೌಡರ್ ಉದುರಿಸಿದೆವು. ನೀರು ಹರಿದರೆ ಬಿಳಿ ಪುಡಿಯ ಮೇಲೆ ಗೆರೆ ಬೀಳುತ್ತದೆ; ಆ ಗೆರೆ ಹಿಡಿದು ಹಿಂದಕ್ಕೆ ಹೋದರೆ ಮೂಲ ಸಿಗುತ್ತದೆ. ಮಗಳು ಟಾರ್ಚ್ ಹಿಡಿದು ಒಳಗೆ, ನಾನು ಪೈಪು ಹಿಡಿದು ಹೊರಗೆ.

ಪೈಪು ಹಿಡಿಯುವುದಕ್ಕೂ ಒಂದು ಕ್ರಮ ಇದೆ. ಕೆಳಗಿನಿಂದ ಮೇಲಕ್ಕೆ ಹೋಗಬೇಕು. ಮೊದಲೇ ಛಾವಣಿಗೆ ನೀರು ಬಿಟ್ಟರೆ ಇಡೀ ಕಾರೇ ತೋಯ್ದು, ಎಲ್ಲಿಂದ ಬಂತು ಅಂತ ಹೇಳುವುದೇ ಕಷ್ಟ. ಮೊದಲು ಚಕ್ರದ ಗೂಡು, ಆಮೇಲೆ ಬಾಗಿಲಿನ ಕೆಳಭಾಗ, ಆಮೇಲೆ ಬಾಗಿಲಿನ ಗ್ಲಾಸು, ಆಮೇಲೆ ವೈಪರ್ ಬುಡ, ಕೊನೆಗೆ ಮುಂದಿನ ಗ್ಲಾಸು. ಒಂದೊಂದು ಕಡೆಗೂ ಹತ್ತು ನಿಮಿಷವಾದರೂ ಬಿಡಬೇಕು, ಅದೂ ಸಣ್ಣಗೆ, ಸೋನೆ ಮಳೆಯ ಹಾಗೆ. ಸರ್ವಿಸ್ ಸ್ಟೇಷನ್ನಿನ ಪ್ರೆಶರ್ ಪೈಪಿನಲ್ಲಿ ಈ ಪರೀಕ್ಷೆ ಮಾಡಲೇಬೇಡಿ. ಯಾವ ಮಳೆಗೂ ನುಗ್ಗದ ಜಾಗದಲ್ಲಿ ಅದು ನೀರು ನುಗ್ಗಿಸಿ ನಿಮ್ಮ ದಾರಿ ತಪ್ಪಿಸುತ್ತದೆ.

ಮೊದಲು ಸಿಕ್ಕಿದ್ದು ಎಡ ಬಾಗಿಲು. ತೆರೆದಾಗ ಒಳಗೆ ಕುಲುಕುಲು ಸದ್ದು, ತುಂಬಿದ ಕೊಡ ಎತ್ತಿದ ಹಾಗೆ. ಬಾಗಿಲೊಳಗೆ ನೀರು ಹೋಗಬಾರದು ಅಂತ ಬಹಳ ಜನ ತಿಳಿದಿದ್ದಾರೆ. ಹೋಗಿಯೇ ಹೋಗುತ್ತದೆ. ಗ್ಲಾಸು ಏರಿಳಿಯುವ ಸಂದಿನಲ್ಲಿರುವ ಪಟ್ಟಿ ಎಲ್ಲ ನೀರನ್ನೂ ತಡೆಯಲಾರದು. ಇಳಿದ ನೀರು ತಳದ ತೂತಿನಿಂದ ಹೊರಗೆ ಹೋಗಬೇಕು, ಬಾಗಿಲು ಮಾಡಿರುವುದೇ ಹಾಗೆ. ನಮ್ಮದರ ತೂತುಗಳನ್ನು ಹಿಂದೊಮ್ಮೆ ಅಡಿಗೆ ಕಪ್ಪು ಕೋಟಿಂಗ್ ಹೊಡೆಸಿದಾಗ ಮುಚ್ಚಿಬಿಟ್ಟಿದ್ದರು. ಸೈಕಲ್ ಕಡ್ಡಿಯಲ್ಲಿ ಚುಚ್ಚಿದೆ. ಎರಡು ಚೊಂಬಿನಷ್ಟು ನೀರು, ತುಕ್ಕಿನ ಗಸಿ, ಅಂಗಳದ ಪಾರಿಜಾತದ ಎಸಳು, ಎಲ್ಲ ಒಟ್ಟಿಗೆ ಕಾಲ ಮೇಲೆ ಸುರಿಯಿತು. ಇಷ್ಟು ನೀರು ತುಂಬಿ ಪ್ಯಾಡಿನ ಕ್ಲಿಪ್ಪಿನ ತೂತುಗಳಿಂದ ಒಳಗೆ ಉಕ್ಕುತ್ತಿತ್ತು. ಪ್ಯಾಡಿನ ಹಿಂದೆ ಇರಬೇಕಾದ ಪ್ಲಾಸ್ಟಿಕ್ ಹಾಳೆಯನ್ನು ಯಾವ ಕಾಲದಲ್ಲೋ ಹರಿದು ಎಸೆದಿದ್ದರು. ದಪ್ಪ ಪಾಲಿಥಿನ್ ಕತ್ತರಿಸಿ ಅಂಟಿಸಿದೆ. ಅದರ ಕೆಳ ಅಂಚನ್ನು ಬಾಗಿಲಿನ ಒಳಕ್ಕೇ ಮಡಚಿ ಬಿಡಬೇಕು. ಹಾಳೆಯ ಮೇಲೆ ಇಳಿದ ಹನಿ ಆಗ ಮತ್ತೆ ಬಾಗಿಲೊಳಕ್ಕೇ ಬಿದ್ದು ತೂತಿನಿಂದ ಹೋಗುತ್ತದೆ.

ಎರಡನೆಯದು ಸಿಕ್ಕಲು ಸಂಜೆಯಾಯಿತು. ಮುಂದಿನ ಗ್ಲಾಸಿನ ಎಡಮೂಲೆಯಲ್ಲಿ ಎಷ್ಟು ಹೊತ್ತು ನೀರು ಬಿಟ್ಟರೂ ಒಳಗೆ ಏನೂ ಇಲ್ಲ. ಬಲಮೂಲೆಗೆ ಬಂದು ಏಳೆಂಟು ನಿಮಿಷ ಆಗಿರಬೇಕು. "ಅಪ್ಪಾ, ಬಂತು! ಆದ್ರೆ ಈ ಕಡೆ ಅಲ್ಲ, ಸ್ಟಿಯರಿಂಗ್ ಕಡೆಯಿಂದ ಬರ್ತಿದೆ" ಅಂತ ಮಗಳು ಕೂಗಿದಳು. ಒಳಗೆ ತಲೆ ಹಾಕಿ ನೋಡಿದೆ. ಬಲಗಡೆ ಒಳಗೆ ನುಗ್ಗಿದ ನೀರು ವೈರಿಂಗಿನ ಕಟ್ಟಿಗೆ ಅಂಟಿಕೊಂಡು, ಡ್ಯಾಶ್‌ಬೋರ್ಡಿನ ಹಿಂದೆ ಉದ್ದಕ್ಕೂ ಬಂದು ಎಡಗಡೆ ತೊಟ್ಟಿಕ್ಕುತ್ತಿತ್ತು. ನಮ್ಮ ಕಾರ್ ಶೆಡ್ಡಿನ ನೆಲ ಎಡಕ್ಕೆ ಒಂಚೂರು ವಾಲಿದೆ, ಅದಕ್ಕೇ. ಎರಡು ವರ್ಷ ಎಲ್ಲರೂ ಎಡಗಡೆಯನ್ನೇ ನೋಡುತ್ತಿದ್ದೆವು.

ಟಿಂಕರಿಂಗ್ ಮಾಡುವ ಹಿರಿಯರೊಬ್ಬರನ್ನು ಮನೆಗೇ ಕರೆಸಿದೆ. ಗ್ಲಾಸಿನ ಸುತ್ತಲಿನ ಹಳೇ ಬೀಡಿಂಗ್ ರಬ್ಬರನ್ನು ಬ್ಲೇಡಿನಲ್ಲಿ ಕತ್ತರಿಸಿ ಗ್ಲಾಸು ಬಿಡಿಸಿದರು. ಎಬ್ಬಿ ತೆಗೆಯಲು ಹೋದರೆ ಗ್ಲಾಸೇ ಒಡೆಯುತ್ತದಂತೆ. ರಬ್ಬರಿನ ಅಡಿಯ ತಗಡಿನಲ್ಲಿ ಮೂರು ತೂತು, ಎರಡು ಎಳ್ಳಿನಷ್ಟು, ಒಂದು ಮೆಣಸಿನ ಕಾಳಿನಷ್ಟು. ಆ ಸಿಲಿಕಾನಿನ ಅಡಿಯಲ್ಲಿ ತುಕ್ಕು ಇನ್ನೂ ಹಸಿಯಾಗಿತ್ತು. ಹೊರಗೆ ಹೋಗಲು ದಾರಿಯಿಲ್ಲದೆ ನೀರು ಅಲ್ಲೇ ನಿಂತಿತ್ತು. ಗಟ್ಟಿಯಾಗುವಾಗ ವಿನೆಗರಿನಂಥ ಹುಳಿ ವಾಸನೆ ಬರುವ ಸಿಲಿಕಾನ್ ಇದೆಯಲ್ಲ, ಅದು ಬಿಡುವ ಆಮ್ಲವೇ ಬರಿಯ ತಗಡಿಗೆ ತುಕ್ಕು ಹಿಡಿಸುತ್ತದೆ. ಮೇಲಾಗಿ ಸಿಲಿಕಾನ್ ಸೋಕಿದ ಜಾಗದಲ್ಲಿ ಪೇಂಟ್ ಕೂರುವುದಿಲ್ಲ. ಅದನ್ನು ಕೆರೆದು ತೆಗೆಯಲಿಕ್ಕೇ ಎರಡು ದಿನ ಹಿಡಿಯಿತು. ನೀವು ಹಣ ಕೊಟ್ಟು ನಿಮ್ಮ ಕಾರಿಗೆ ರೋಗ ತರಿಸಿಕೊಳ್ಳಬೇಡಿ. ಯಾರಾದರೂ ಟ್ಯೂಬ್ ಹಿಡಿದು ಗ್ಲಾಸಿನ ಹತ್ತಿರ ಬಂದರೆ, ನೀರು ಎಲ್ಲಿಂದ ಬರುತ್ತಿದೆ ಅಂತ ಮೊದಲು ತೋರಿಸಿ ಅಂತ ಕೇಳಿ. ತೋರಿಸಲಾರದವರ ಕೈಗೆ ಕಾರು ಕೊಡಬೇಡಿ.

ತುಕ್ಕು ತಿಂದ ತಗಡು ಕತ್ತರಿಸಿ ಹೊಸದು ವೆಲ್ಡ್ ಮಾಡಿ, ಪ್ರೈಮರ್, ಪೇಂಟ್ ಆಗಿ ಚೆನ್ನಾಗಿ ಒಣಗಿದ ಮೇಲೆ ಹೊಸ ರಬ್ಬರು. ಕೂರಿಸಿದ ರೀತಿ ನೋಡಲು ಎರಡು ಕಣ್ಣು ಸಾಲದು. ರಬ್ಬರನ್ನು ಮೊದಲು ಗ್ಲಾಸಿಗೆ ತೊಡಿಸಿ, ತಗಡು ಕೂರುವ ಚಡಿಯೊಳಗೆ ಸುತ್ತಲೂ ನೈಲಾನ್ ಹುರಿ ಸೇರಿಸಿದರು. ಸೋಪಿನ ನೀರು ಹಚ್ಚಿದರು. ನಾನು ಹೊರಗಿನಿಂದ ಅಂಗೈಯಲ್ಲಿ ಒತ್ತಿದೆ, ಅವರು ಒಳಗಿನಿಂದ ಹುರಿಯನ್ನು ಗೇಣು ಗೇಣಾಗಿ ಎಳೆದರು. ಹುರಿ ಬಂದಂತೆಲ್ಲ ರಬ್ಬರಿನ ತುಟಿ ತಗಡಿನ ಅಂಚನ್ನು ದಾಟಿ ಒಳಗೆ ಮಗುಚಿಕೊಳ್ಳುತ್ತ ಹೋಯಿತು. "ಜೋರು ಮಾಡಬೇಡಿ ಸ್ವಾಮಿ, ಅದೇ ಕೂರುತ್ತೆ" ಅನ್ನುತ್ತಲೇ ಇದ್ದರು. ಕೊನೆಗೆ ಹೊರಗಿನ ತುಟಿಯಡಿ ಎಂದಿಗೂ ಗಟ್ಟಿಯಾಗದ ಬ್ಯೂಟೈಲ್ ಅಂಟನ್ನು ತೆಳ್ಳಗೆ ತುಂಬಿದರು. ನಾಳೆ ಬಿಚ್ಚಬೇಕಾದರೂ ಅದು ಸುಲಭವಾಗಿ ಬಿಡುತ್ತದೆ.

ಬಾಗಿಲಿನ ರಬ್ಬರು ಕೊಳ್ಳುವ ಮೊದಲು ಒಂದು ಪೇಪರ್ ತುಂಡು ಇಟ್ಟು ಬಾಗಿಲು ಹಾಕಿ ಎಳೆದು ನೋಡಿ. ಸಲೀಸಾಗಿ ಬಂದರೆ ಅಲ್ಲಿ ರಬ್ಬರು ಒತ್ತುತ್ತಿಲ್ಲ. ಎಷ್ಟೋ ಸಲ ಬಾಗಿಲು ಜೋತು ಬಿದ್ದಿರುತ್ತದೆ, ಹಿಂಜು ಮತ್ತು ಲಾಕು ಸರಿಪಡಿಸಿದರೆ ಸಾಕು. ಹೊಸದು ಹಾಕುವುದಾದರೆ ಎಳೆದು ಹಿಗ್ಗಿಸಿ ಅಂಟಿಸಬೇಡಿ, ಆಮೇಲೆ ಅದು ಕುಗ್ಗಿ ಮೂಲೆಯಲ್ಲಿ ಬಾಯಿ ಬಿಡುತ್ತದೆ.

ಒಂದು ಹನಿಗೆ ಇಷ್ಟೆಲ್ಲ ಯಾಕೆ ಅಂತ ಊರಿನಲ್ಲಿ ಕೇಳಿದವರಿದ್ದಾರೆ. ಅಂಬಾಸಿಡರಿಗೆ ಲಾರಿಯ ಹಾಗೆ ಬೇರೆ ಚಾಸಿ ಇಲ್ಲ, ಬಾಡಿಯೇ ಚಾಸಿ. ನೆಲದ ತಗಡು, ಬಾಗಿಲಡಿಯ ಪಟ್ಟಿ ಕೊಳೆತರೆ ಕಾರಿನ ಬೆನ್ನುಮೂಳೆಯೇ ಹೋದ ಹಾಗೆ. ನಮ್ಮದರ ಎಡಗಡೆ ನೆಲಕ್ಕೆ ಸ್ಕ್ರೂಡ್ರೈವರ್ ಒತ್ತಿದಾಗ ಹಪ್ಪಳಕ್ಕೆ ಚುಚ್ಚಿದ ಹಾಗೆ ಕೆಳಗೆ ಇಳಿಯಿತು. ಅಪ್ಪಯ್ಯ ಕೂರುತ್ತಿದ್ದ ಜಾಗ ಅದು, ಕೊನೆಯ ವರ್ಷಗಳಲ್ಲಿ ನಾನೇ ಓಡಿಸುತ್ತಿದ್ದಾಗ. ಆ ದಿನ ನನಗೆ ಊಟ ಸೇರಲಿಲ್ಲ. ಅಂಗೈ ಅಗಲದ ಎರಡು ತೇಪೆಯಲ್ಲಿ ಮುಗಿಯಿತು ಅನ್ನುವುದೇ ಪುಣ್ಯ.

ಕಳೆದ ಮಳೆಗಾಲ ಪೂರ್ತಿ ನೆಲಕ್ಕೆ ಪೇಪರ್ ಹಾಸಿಟ್ಟು ಬೆಳಿಗ್ಗೆ ಎದ್ದ ಕೂಡಲೇ ಹೋಗಿ ನೋಡುತ್ತಿದ್ದೆ. ಮುಂದೆ ಎಲ್ಲೂ ಒಂದು ಕಲೆ ಇಲ್ಲ. ಡಿಕ್ಕಿಯಲ್ಲಿ ಮಾತ್ರ ಬಲಗಡೆ ಹಿಂದಿನ ಲೈಟಿನ ಕೆಳಗೆ ರೂಪಾಯಿ ಅಗಲದ ಒದ್ದೆ ಸಿಕ್ಕಿತು. ಗ್ಯಾಸ್ಕೆಟ್ ಹೋಗಿರಬೇಕು, ಈ ವಾರ ಬಿಚ್ಚುತ್ತೇನೆ. ತೀರ್ಥಹಳ್ಳಿ, ಕೊಪ್ಪ, ಹೊಸನಗರದ ಸುತ್ತಮುತ್ತ ಯಾರಾದರೂ ತಮ್ಮ ಕಾರಿಗೆ ನೀರಿನ ಪರೀಕ್ಷೆ ಮಾಡುವುದಾದರೆ ಕೆಳಗೆ ಬರೆಯಿರಿ. ಒಬ್ಬರಿಂದ ಆಗುವ ಕೆಲಸ ಅಲ್ಲ. ನೀವು ಟಾರ್ಚ್ ಹಿಡಿದು ಒಳಗೆ ಕೂರಿ, ಪೈಪು ಹಿಡಿಯಲು ನಾನು ಬರುತ್ತೇನೆ.